ಸದ್ದಿಗೆ ಎಳೀಬೇಡಿ, ಭಾರಕ್ಕೆ ಎಳೀರಿ

ಎಲ್ಲರಿಗೂ ನಮಸ್ಕಾರ. ಫ್ರಾಗ್ ಲ್ಯೂರ್, ಅಂದ್ರೆ ಮೀನನ್ನ ಸೆಳೆಯೋ ಕಪ್ಪೆ ಆಕಾರದ ನಕಲಿ ಆಮಿಷ, ಅದರ ಬಗ್ಗೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಫ್ರಾಗ್ ಲ್ಯೂರ್ ದುಡ್ಡು ದಂಡ. ಹತ್ತು ಸಲ ಮೀನು ಹೊಡೀತು, ಒಂದೂ ಸಿಗಲಿಲ್ಲ." ಅದಕ್ಕೆ ಸಾಲುಸಾಲು ಲೈಕ್ ಬೇರೆ! ಅಲ್ಲ ಸ್ವಾಮಿ, ಹತ್ತು ಸಲ ಹೊಡೆದಿದೆ ಅಂದ್ರೆ ಲ್ಯೂರ್ ಹತ್ತು ಸಲ ತನ್ನ ಕೆಲಸ ಮಾಡಿದೆ. ಬೇಗ ಎಳೆದಿದ್ದು ನೀವು.

ಈ ಕಪ್ಪೆ ಒಳಗೆ ಟೊಳ್ಳು. ಜೋಡಿ ಗಾಳದ ಮೊನೆ ಎರಡೂ ಬೆನ್ನಿಗೆ ಅಂಟಿಕೊಂಡು ಮಲಗಿರುತ್ತೆ, ಅದಕ್ಕೇ ತಾವರೆ ಎಲೆ ಮೇಲೆ, ಜೊಂಡಿನ ನಡುವೆ ಸಿಕ್ಕಿಹಾಕಿಕೊಳ್ಳದೆ ಬರುತ್ತೆ. ಮೀನು ಬಾಯಿ ಮುಚ್ಚಿ ಮೈ ಅಮುಕಿದಾಗ ಮಾತ್ರ ಮೊನೆ ಹೊರಗೆ. "ಧಬ್" ಅಂದ ಕ್ಷಣಕ್ಕೆ ಮೀನು ಇನ್ನೂ ನೀರಿನ ಜೊತೆ, ಕಳೆಯ ಜೊತೆ ಅದನ್ನ ಒಳಗೆಳೀತಾ ಇರುತ್ತೆ. ಆಗಲೇ ಎಳೆದ್ರೆ ಕಪ್ಪೆ ಹಾರಿ ನಿಮ್ಮ ಮುಖಕ್ಕೇ ಬರುತ್ತೆ. ಸದ್ದಿಗೆ ಎಳೀಬೇಡಿ. ಮೀನಿನ ಭಾರ ಕೈಗೆ ಸಿಕ್ಕ ಮೇಲೆ, ಆ ಭಾರಕ್ಕೆ ಎಳೀರಿ.

"ಕಾದ್ರೆ ಉಗುಳಿಬಿಡುತ್ತೆ" ಅಂತೀರಾ? ಮೈ ಮೆತ್ತಗಿದೆ ರೀ, ಒಂದೆರಡು ಸೆಕೆಂಡ್ ಬಾಯಲ್ಲಿ ಇಟ್ಕೊಳ್ಳುತ್ತೆ. "ಒಂದು, ಎರಡು, ಮೂರು ಎಣಿಸ್ತೀನಿ" ಅನ್ನೋರೂ ಇದ್ದಾರೆ. ಎಣಿಕೆಯೂ ಬೇಡ! ತೆರೆದ ನೀರಲ್ಲಿ ಭಾರ ತಕ್ಷಣ ಬರುತ್ತೆ, ದಪ್ಪ ಕಳೆ ಅಡಿಯಲ್ಲಿ ತಡವಾಗಿ ಬರುತ್ತೆ. ನಿಮ್ಮ ಎಣಿಕೆ ಮೀನಿಗೆ ಗೊತ್ತಾ?

ಕ್ರಮ ಇಷ್ಟೇ. ರಾಡ್ ತುದಿ ನೀರಿನ ಕಡೆಗೇ ಇರಲಿ. ಲೈನ್ ಸ್ವಲ್ಪ ಸಡಿಲ ಬಿಟ್ಟು ಪುಟ್ಟ ಪುಟ್ಟ ಜಗ್ಗು ಕೊಡಿ, ಕಪ್ಪೆ ಎಡಕ್ಕೆ ಬಲಕ್ಕೆ ತಲೆ ಹೊರಳಿಸುತ್ತೆ. ಕಳೆ ಇಲ್ಲದ ಬಯಲು ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ಹೊಡೀತಾ? ರಾಡ್ ಮೀನಿನ ಕಡೆ ತಗ್ಗಿಸಿ, ಸಡಿಲ ಇರೋ ಲೈನ್ ಸುತ್ತಿಕೊಳ್ಳಿ. ಭಾರ ಸಿಕ್ತಾ? ಈಗ ಮೈಯೆಲ್ಲಾ ಸೇರಿಸಿ ಮೇಲಕ್ಕೆ ಎಳೆದು, ನಿಲ್ಲಿಸದೆ ಸುತ್ತಿ. ಸಡಿಲ ಕೊಟ್ರೆ ಮೀನು ಕಳೆಯೊಳಗೆ ಹೊಕ್ಕಿಬಿಡುತ್ತೆ.

ಸಲಕರಣೆ: 7 ಅಡಿಯ ಹೆವಿ ರಾಡ್, 50ರಿಂದ 65 ಪೌಂಡ್ ಎಳೆತ ತಾಳೋ ಬ್ರೇಡ್ ಲೈನ್ (ಹೆಣೆದ ದಾರ), ಡ್ರ್ಯಾಗ್ (ರೀಲ್‌ನಿಂದ ಲೈನ್ ಜಾರದಂತೆ ಹಿಡಿಯೋ ಬ್ರೇಕ್) ಬಿಗಿ. ಮೋನೋ ಲೈನ್ (ಒಂಟಿ ಎಳೆಯ ನೈಲಾನ್ ದಾರ) ಹಿಗ್ಗುತ್ತೆ, ನೀವು ಎಳೆದ ಬಲ ಗಾಳದ ಮೊನೆಗೆ ಪೂರ್ತಿ ಮುಟ್ಟೋದೇ ಇಲ್ಲ. ಕಪ್ಪೆಯ ಹಿಂದೆ ಜೋತಾಡೋ ಕಾಲಿನ ಎಳೆ ತುಂಬಾ ಉದ್ದ ಇದ್ರೆ ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಇಲ್ಲಾಂದ್ರೆ ಮೀನು ಬರೀ ಬಾಲ ಕಚ್ಚಿ ಹೋಗುತ್ತೆ. ಗಾಳದ ಮೊನೆಗಳನ್ನ ಇಕ್ಕಳದಲ್ಲಿ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿ. ಜಾಸ್ತಿ ಬಾಗಿಸಿದ್ರೆ ಕಳೆ ಹಿಡಿಯುತ್ತೆ. ಆಗಾಗ ಅಮುಕಿ ಒಳಗಿನ ನೀರು ತೆಗೀರಿ, ನೀರು ತುಂಬಿದ ಕಪ್ಪೆ ಹಿಂಭಾಗ ಮುಳುಗಿಸಿಕೊಂಡು ಸುಮ್ಮನೆ ತೆವಳುತ್ತೆ.

ಹಾಂ, ಇನ್ನೊಂದು. ಮುರ್ರೆಲ್ (ಹಾವಿನಂಥ ತಲೆಯ ಮೀನು) ಮರಿಗಳ ಕೆಂಪು ಗುಂಪು ಮೇಲೆ ಬುಳುಬುಳು ಅಂತಿದ್ರೆ ಅಲ್ಲಿ ದಯವಿಟ್ಟು ಎಸೀಬೇಡಿ. ಕೆಳಗೆ ಕಾವಲಿಗೆ ನಿಂತಿರೋದು ಅದರ ತಂದೆ ತಾಯಿ. ಅವನ್ನ ಎತ್ತಿದ್ರೆ ಆ ಮರಿಗಳಷ್ಟೂ ಬೇರೆ ಮೀನಿನ ಬಾಯಿಗೆ. ಅದು ಜಾಣತನ ಅಲ್ಲವೇ ಅಲ್ಲ.

ಬ್ರೇಡ್‌ಗೆ ಪಾಲೋಮಾರ್ ಗಂಟು ಹಾಕೋದು ಮುಂದಿನ ವಿಡಿಯೋದಲ್ಲಿ ತೋರಿಸ್ತೀನಿ, ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. "ನನ್ನ ಗೆಳೆಯ ಸದ್ದಿಗೇ ಎಳೆದು ಹಿಡೀತಾನೆ" ಅಂತ ಈಗಲೇ ಟೈಪ್ ಮಾಡ್ತಾ ಇದ್ದೀರಲ್ಲ? ಹಿಡೀಲಿ! ಅವನು ಕಳ್ಕೊಂಡಿದ್ದೆಷ್ಟು ಕೇಳಿ. ಭಾರ ರೀ, ಭಾರ! ಕೈಗೆ ಭಾರ ಬರೋವರೆಗೂ ಆ ರಾಡ್ ಎತ್ತಬೇಡಿ. ಎತ್ತಬೇಡಿ ಅಂದ್ರೆ ಎತ್ತಬೇಡಿ!