ಸಾಸಿವೆ ಚೀಲ ಮತ್ತು ಕೇಳದೇ ಉಳಿದ ಪ್ರಶ್ನೆ

(ಸಾಗರದಲ್ಲಿ ಮಹಿಳೆಯರ ಆರೋಗ್ಯ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ತಾಯಂದಿರೇ, ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಕೂತಿರುವ ಅಣ್ಣಂದಿರೇ,

ಸ್ತನದ ಆಪರೇಷನ್ ಬಗ್ಗೆ ಮೈಕಿನಲ್ಲಿ ಮಾತಾಡುವುದೇ ಎಂದು ಕೆಲವರು ತಲೆ ತಗ್ಗಿಸಿದ್ದು ಕಾಣಿಸಿತು. ಈ ಸಂಕೋಚದಿಂದ ನಮ್ಮ ಹೆಂಗಸರು ಏನೇನು ಕಳೆದುಕೊಳ್ಳುತ್ತಾರೆ ಎಂಬುದನ್ನು ಶಿವಮೊಗ್ಗದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿ ನಾನು ನೋಡುತ್ತಲೇ ಇದ್ದೇನೆ. ಅದಕ್ಕೇ ಬಂದೆ.

ಹೊಸನಗರದ ಕಡೆಯ ಅಮ್ಮ ಒಬ್ಬರು ಬಂದಿದ್ದರು. ಕ್ಯಾನ್ಸರ್ ಎಂದು ಎಡ ಸ್ತನ ತೆಗೆದು ಆರು ವರ್ಷವಾಗಿತ್ತು. ಪರೀಕ್ಷೆಗೆಂದು ಕುಪ್ಪಸ ಬಿಚ್ಚುವಾಗ ಒಳಗಿಂದ ಅಂಗೈಯಗಲದ ಬಟ್ಟೆ ಚೀಲ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಸಾಸಿವೆ. ಕೂಸಿನ ತಲೆಯಡಿಗೆ ಸಾಸಿವೆ ದಿಂಬು ಹೊಲಿಯುತ್ತೇವಲ್ಲ, ಹಾಗೆ ಹೊಲಿದುಕೊಂಡಿದ್ದರು. "ಹತ್ತಿ ಇಟ್ರೆ ಭಾರ ಇರಲ್ಲ ಡಾಕ್ಟ್ರೇ, ಕೈ ಎತ್ತಿದ್ರೆ ಮೇಲೆ ಸರೀತದೆ. ಅಡಿಕೆ ಸುಲಿವಾಗ ನಾಲ್ಕು ಜನರ ಎದ್ರು ಕೂರ್ಬೇಕಲ್ಲ" ಎಂದರು. ಸ್ತನವನ್ನು ಮತ್ತೆ ಕಟ್ಟಿಕೊಡಬಹುದೆಂದು ಆರು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ತಮ್ಮ ವಯಸ್ಸಿಗೆ ಅದು ಶೋಕಿ ಎಂದುಕೊಂಡು ಅವರೂ ಕೇಳಿರಲಿಲ್ಲ. ಶೋಕಿಯಲ್ಲ ಅದು. ಕಾಲು ಕಳೆದುಕೊಂಡವರು ಕೃತಕ ಕಾಲು ಹಾಕಿಸಿಕೊಂಡರೆ ಶೋಕಿ ಅನ್ನುತ್ತೇವೆಯೇ?

ಕಟ್ಟಿಕೊಡಲು ಮುಖ್ಯವಾಗಿ ಎರಡು ದಾರಿ. ಒಂದು ಸಿಲಿಕೋನ್ ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಮೆತ್ತನೆಯ ಸಿಲಿಕೋನ್ ಚೀಲ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶುರುವಾದದ್ದು. ಆಪರೇಷನ್ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಆದರೆ ಅದು ಜೀವಮಾನಪೂರ್ತಿ ಬಾಳುತ್ತದೆ ಎನ್ನುವಂತಿಲ್ಲ. ಒಡೆಯಬಹುದು, ಸುತ್ತಲಿನ ಪೊರೆ ಬಿಗಿದು ಕಲ್ಲಿನಂತಾಗಬಹುದು. ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆ, ಕೊಟ್ಟ ಎದೆಯಲ್ಲಿ ಈ ತೊಂದರೆ ಹೆಚ್ಚು. ಒರಟು ಮೈಯ ಇಂಪ್ಲಾಂಟ್ ಸುತ್ತ ಅಪರೂಪಕ್ಕೆ ಲಿಂಫೋಮಾ ಎಂಬ ಬೇರೊಂದು ಕ್ಯಾನ್ಸರ್ ಕಾಣಿಸಿದ್ದರಿಂದ 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ಪಡೆದರು. ಹಾಕಿಸಿಕೊಂಡವರು, ಯಾವ ಬಗೆಯದೆಂದು ಬರೆದಿರುವ ಇಂಪ್ಲಾಂಟ್ ಕಾರ್ಡನ್ನು ಜಮೀನಿನ ಪತ್ರದಷ್ಟೇ ಜೋಪಾನ ಮಾಡಿ.

ಇನ್ನೊಂದು, ನಮ್ಮ ಮೈಯಿಂದಲೇ ಕಟ್ಟುವುದು. 1895ರಲ್ಲಿ ಜರ್ಮನಿಯ ಸರ್ಜನ್ ವಿನ್ಸೆನ್ಸ್ ಚೆರ್ನಿ, ಒಬ್ಬ ಹೆಂಗಸಿನ ಬೆನ್ನಲ್ಲಿದ್ದ ಕೊಬ್ಬಿನ ಗಡ್ಡೆಯನ್ನೇ ತೆಗೆದು ಎದೆಗಿಟ್ಟಿದ್ದರು. ಈಗ ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬನ್ನು ಅದರ ರಕ್ತನಾಳದ ಸಮೇತ ತೆಗೆದು ಎದೆಯ ರಕ್ತನಾಳಕ್ಕೆ ಸೇರಿಸುತ್ತೇವೆ. ಅಪ್ಪೆಮಿಡಿ ಕಸಿ ಕಟ್ಟಿದವರು ನೀವು, ಕಡ್ಡಿಗೆ ರಸ ಹರಿಯದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ನಾಳದ ಅಗಲ ಎರಡು-ಮೂರು ಮಿಲಿಮೀಟರ್. ಮೈಕ್ರೋಸ್ಕೋಪಿನಡಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಗೆ. ಆರೆಂಟು ಗಂಟೆ ಹಿಡಿಯುತ್ತದೆ. ಆ ರಾತ್ರಿಯಿಡೀ ಗಂಟೆಗೊಮ್ಮೆ ನರ್ಸ್ ಹೊಸ ಸ್ತನವನ್ನು ಬೆರಳಲ್ಲಿ ಒತ್ತಿ ಬಿಡುತ್ತಾರೆ. ಬಿಳಚಿದ ಜಾಗಕ್ಕೆ ಮೆಲ್ಲಗೆ ಕೆಂಪು ವಾಪಸ್ ಬಂತೆಂದರೆ ನಮಗೂ ಉಸಿರು ಬಂದ ಹಾಗೆ.

ಹೊಟ್ಟೆಯಲ್ಲಿ ಸಾಕಷ್ಟು ಕೊಬ್ಬಿಲ್ಲದವರಿಗೆ ಬೆನ್ನಿನ ಅಗಲ ಸ್ನಾಯುವನ್ನು ಮುಂದಕ್ಕೆ ತಿರುಗಿಸುತ್ತೇವೆ. ಇದರಿಂದ ರಟ್ಟೆಯ ಬಲ ಸ್ವಲ್ಪ ಕುಗ್ಗಬಹುದು. ಬಾವಿಯಿಂದ ನೀರು ಸೇದುತ್ತೀರಾ, ಸೊಪ್ಪಿನ ಹೊರೆ ಹೊರುತ್ತೀರಾ, ಡಾಕ್ಟರಿಗೆ ಮೊದಲೇ ಹೇಳಿ. ಕವಳಕ್ಕೆ ಹೊಗೆಸೊಪ್ಪು ಹಾಕುವವರು ಅದನ್ನೂ ಮುಚ್ಚಿಡಬೇಡಿ. ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ, ಕಟ್ಟಿದ ಕಸಿ ಕಪ್ಪಾಗಬಹುದು. ಕಡಿಮೆಯೆಂದರೂ ನಾಲ್ಕು ವಾರ ಮೊದಲೇ ಬಿಟ್ಟಿರಬೇಕು.

ಹೀಗೆ ಕಟ್ಟಿದ ಸ್ತನದಲ್ಲಿ ಹಾಲು ಬರುವುದಿಲ್ಲ, ಮೊದಲಿನ ಸ್ಪರ್ಶವೂ ಪೂರ್ತಿ ಮರಳುವುದಿಲ್ಲ. ತೊಟ್ಟನ್ನು ಅಲ್ಲಿನ ಚರ್ಮದಿಂದಲೇ ಮಡಿಸಿ ಮಾಡಿ, ಸುತ್ತಲಿನ ಬಣ್ಣಕ್ಕೆ ಹಚ್ಚೆ ಹಾಕುತ್ತೇವೆ. ಕಟ್ಟಿಸಿಕೊಂಡರೆ ಕ್ಯಾನ್ಸರ್ ಮರಳುತ್ತದೆ ಎಂಬ ಮಾತು ಊರಲ್ಲಿದೆ. ಅದು ಸುಳ್ಳು.

ಕ್ಯಾನ್ಸರ್ ಇಲ್ಲದವರ ಮಾತೂ ಇದೆ. ಅತಿ ಭಾರದ ಸ್ತನ ಇರುವವರಿಗೆ ಹೆಗಲಲ್ಲಿ ಬ್ರಾ ಪಟ್ಟಿಯ ಗುಳಿ, ಕುತ್ತಿಗೆ ನೋವು. ನಮ್ಮ ಮಳೆಗಾಲದಲ್ಲಂತೂ ಮಡಿಕೆಯಡಿ ಬೆವರು ಆರದೆ ಹುಣ್ಣಾಗಿ, ಹೇಳಲಾಗದೆ ಪೌಡರ್ ಹಾಕಿಕೊಂಡು ದಿನ ದೂಡುತ್ತಾರೆ. ಗಾತ್ರ ತಗ್ಗಿಸುವ ಆಪರೇಷನ್ ಇವರಿಗೆ ದೊಡ್ಡ ನೆಮ್ಮದಿ. ತೊಟ್ಟನ್ನು ಅದರ ರಕ್ತನಾಳ ಬಿಡಿಸದೆ ಸಾಮಾನ್ಯವಾಗಿ ಮೇಲಕ್ಕೆ ಸರಿಸುತ್ತೇವೆ. ಆದರೆ ಮುಂದೆ ಎದೆಹಾಲಿಗೆ ತೊಂದರೆಯಾಗಬಹುದು. ಮಕ್ಕಳಾಗಬೇಕಿರುವವರು ಇದನ್ನು ಯೋಚಿಸಿ ನಿರ್ಧರಿಸಿ. ಜೋತ ಸ್ತನವನ್ನು ಎತ್ತಿ ಕಟ್ಟುವುದು, ಇಂಪ್ಲಾಂಟಿನಿಂದ ದೊಡ್ಡದು ಮಾಡುವುದು ಅವರವರ ಇಷ್ಟ. ಗಂಡನ ಒತ್ತಾಯಕ್ಕೆ ಬಂದವರನ್ನು ಮಾತ್ರ ನಾನು ವಾಪಸ್ ಕಳಿಸುತ್ತೇನೆ.

ಅಣ್ಣಂದಿರೇ, ನಿಮ್ಮ ಮನೆ ಹುಡುಗ ಕೆರೆಗೆ ಈಜಲು ಹೋದರೂ ಅಂಗಿ ತೆಗೆಯುವುದಿಲ್ಲವೇ? ಹರೆಯದಲ್ಲಿ ಹುಡುಗರ ಎದೆ ಊದುವುದು ಉಂಟು, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಗೇಲಿ ಮಾಡಬೇಡಿ. ಇಳಿಯದಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಸರಿಮಾಡಬಹುದು.

ಗಡ್ಡೆಯ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನವೇ ಕೇಳಿ: "ತೆಗೆಯುವಾಗಲೇ ಕಟ್ಟಲು ಆಗುತ್ತದೆಯೇ, ಇಲ್ಲವೇ ಕರೆಂಟ್ ಮುಗಿದ ಮೇಲೋ?" ಹಲವರಿಗೆ ಅದೇ ಆಪರೇಷನ್ನಿನಲ್ಲಿ ಆಗುತ್ತದೆ. ವರ್ಷಗಳು ಕಳೆದವರಿಗೂ ಬಾಗಿಲು ಮುಚ್ಚಿಲ್ಲ. ಹೊಸನಗರದ ಅಮ್ಮನಿಗೆ ಏಳನೇ ವರ್ಷದಲ್ಲಿ ಹೊಟ್ಟೆಯ ಕೊಬ್ಬಿನಿಂದ ಕಟ್ಟಿದೆವು.

ಎಲ್ಲರೆದುರು ಕೇಳಲಾಗದವರಿಗೆ ಪಕ್ಕದ ಕೋಣೆಯಲ್ಲಿ ಪರದೆ ಹಾಕಿಸಿದ್ದೇನೆ. ಸಂಜೆ 5ರವರೆಗೆ ಅಲ್ಲೇ ಇರುತ್ತೇನೆ. ರಿಪೋರ್ಟ್ ಇದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ.