ಒಂದು ದಿನಕ್ಕೆ ಒಂದೇ ಜಾಗ: ಮನೆಮಂದಿ ಜೊತೆ ಷಿಯಾನ್

ಎಲ್ಲರಿಗೂ ನಮಸ್ಕಾರ. ಬಾನುಲಿಯವರು ಹತ್ತು ನಿಮಿಷ ಕೊಟ್ಟು ಚೀನಾ ಪ್ರವಾಸದ ಬಗ್ಗೆ ಮಾತಾಡಿ ಅಂದಿದಾರೆ. ಹತ್ತು ನಿಮಿಷದಲ್ಲಿ ಅಷ್ಟು ದೊಡ್ಡ ಚೀನಾ ಎಲ್ಲಿ ಮುಗಿಯತ್ತೆ ಹೇಳಿ, ಅದಕ್ಕೆ ಒಂದೇ ಊರು ಹಿಡ್ಕೋತೀನಿ, ಷಿಯಾನ್. ನಾನು ಕಾಲೇಜಲ್ಲಿ ಇತಿಹಾಸ ಪಾಠ ಮಾಡೋಳು, ಅಲ್ಲಿ ಸಾಮ್ರಾಟನ ಸಮಾಧಿ ಕಾಯೋಕೆ ಅಂತ ಮಾಡಿಟ್ಟ ಮಣ್ಣಿನ ಸೈನಿಕರ ಫೋಟೋನ ಪುಸ್ತಕದಲ್ಲಿ ತೋರಿಸಿ ತೋರಿಸಿ ಸಾಕಾಗಿತ್ತು, ಹಾಗಾಗಿ ಮನೆಯವರು, ಮಾವ, ಅತ್ತೆ, ಹೈಸ್ಕೂಲ್ ಮಗಳು, ನಾಲ್ಕನೇ ಕ್ಲಾಸಿನ ಮಗ, ಎಲ್ಲರನ್ನೂ ಕಟ್ಕೊಂಡು ಹೊರಟ್ವಿ. ಆರು ಜನ, ಒಂಬತ್ತು ಸೂಟ್‌ಕೇಸು.

ನನಗೆ ಹೇಳ್ಬೇಕಿರೋದು ಒಂದೇ ಮಾತು, ಮೊದಲೇ ಹೇಳ್ಬಿಡ್ತೀನಿ, ಯಾರಾದ್ರೂ ಒಲೆ ಮೇಲೆ ಹಾಲಿಟ್ಟು ಕೇಳ್ತಿದ್ರೆ ಇಷ್ಟು ಕೇಳಿ ಹೋಗ್ಬೋದು. ಒಂದು ದಿನಕ್ಕೆ ಒಂದೇ ಜಾಗ ನೋಡಿ. ಅಷ್ಟೇ. ನಾಲ್ಕು ಜಾಗ ಬೇಡ, ಎರಡೂ ಬೇಡ, ಒಂದು.

ಹೀಗಂದ್ರೆ ನಮ್ಮವರು ಒಪ್ಪಲ್ಲ ನೋಡಿ, ಅಷ್ಟು ದೂರ ಹೋಗ್ತೀವಿ ಅಷ್ಟು ದುಡ್ಡು ಹಾಕ್ತೀವಿ ಒಂದೇ ಜಾಗನಾ ಅಂತಾರೆ. ನಾವೂ ಹಾಗೇ ಅಂದ್ಕೊಂಡಿದ್ವಿ, ಮೊದಲನೇ ದಿನಕ್ಕೆ ಅಲ್ಲೇ ಒಂದು ಟೂರ್ ಬುಕ್ ಮಾಡಿದ್ವಿ. ಬೆಳಿಗ್ಗೆ ಮಣ್ಣಿನ ಸೈನಿಕರು, ಆಮೇಲೆ ಹ್ವಾಚಿಂಗ್ ಅರಮನೆ, ಆಮೇಲೆ ಗೋಪುರ, ಸಂಜೆ ಕೋಟೆಗೋಡೆ, ರಾತ್ರಿ ದೀಪಾಲಂಕಾರ. ಪಟ್ಟಿ ನೋಡಿ ಎಷ್ಟು ಖುಷಿಪಟ್ವಿ ಅಂತೀರಿ. ಏನಾಯ್ತು ಗೊತ್ತಾ, ಸೈನಿಕರನ್ನ ನೋಡೋ ಮುಂಚೆ ಒಂದು ಬೊಂಬೆ ಫ್ಯಾಕ್ಟರಿಗೆ ಕರ್ಕೊಂಡು ಹೋಗಿ ಒಂದೂವರೆ ಗಂಟೆ ಕೂರಿಸಿದ್ರು, ಅಲ್ಲಿ ಕೊಳ್ಳದೆ ಎದ್ದು ಬರೋ ಹಾಗಿಲ್ಲ ಅನ್ನೋ ತರ ಮುಖ ಮಾಡ್ತಿದ್ರು, ಆಮೇಲೆ ಅಸಲಿ ಸೈನಿಕರ ಹತ್ರ ಮುಕ್ಕಾಲು ಗಂಟೆ. ಸೈನಿಕರು ಸಿಕ್ಕಿದ ಒಂದನೇ ಗುಂಡಿ ಅಂತಾರಲ್ಲ, 230 ಮೀಟರ್ ಉದ್ದ, 62 ಮೀಟರ್ ಅಗಲ, ವಿಮಾನ ನಿಲ್ಲಿಸೋ ಶೆಡ್ ತರ ಮೇಲೆ ಸೂರು, ಕಟಕಟೆ ಮುಂದೆ ಜನವೋ ಜನ, ಎಲ್ರೂ ಕೈ ಮೇಲೆತ್ತಿ ಮೊಬೈಲ್ ಹಿಡ್ಕೊಂಡಿದಾರೆ. ನನ್ನ ಮಗ ನೋಡಿದ್ದು ಬರೀ ಜನರ ಬೆನ್ನು, ಮುಂದಿದ್ದವರ ಬ್ಯಾಗಿನ ಜಿಪ್ಪು. ಗೈಡಮ್ಮ ಬಾವುಟ ಎತ್ತಿ ಹೊರಟೇಬಿಟ್ರು. ರಾತ್ರಿ ರೂಮಿಗೆ ಬಂದು ಅತ್ತೆ ಕಾಲಿಗೆ ಬಿಸಿನೀರು ಹಾಕ್ಕೊಂಡು ಕೂತ್ಕೊಂಡು, ಇವತ್ತು ನಾವು ಏನು ನೋಡಿದ್ವಿ ಹೇಳ್ರೋ ಅಂದ್ರು. ಯಾರಿಗೂ ಸರಿಯಾಗಿ ಹೇಳಕ್ಕಾಗ್ಲಿಲ್ಲ.

ಅವತ್ತು ರಾತ್ರಿನೇ ತೀರ್ಮಾನ ಮಾಡಿದ್ವಿ, ಉಳಿದ ಟೂರೆಲ್ಲ ಕ್ಯಾನ್ಸಲ್. ದುಡ್ಡು ಪೂರ್ತಿ ವಾಪಸ್ ಬರ್ಲಿಲ್ಲ, ಹೋಗ್ಲಿ. ಮಾರನೇ ದಿನ ಮತ್ತೆ ಅದೇ ಸೈನಿಕರ ಹತ್ರ ಹೋದ್ವಿ. ಊರಿಂದ 40 ಕಿಲೋಮೀಟರ್ ಹತ್ರ ಆಗತ್ತೆ, ಲಿನ್‌ಟಾಂಗ್ ಅಂತ. ಈ ಸಲ ಗೈಡಿಲ್ಲ, ಬಾವುಟ ಇಲ್ಲ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ನಿಂತಿದ್ವಿ.

ಈಗ ನಮ್ಮ ಮಾವನ ವಿಷಯ ಹೇಳ್ಲೇಬೇಕು. ದಾವಣಗೆರೆಲಿ ನಲವತ್ತು ವರ್ಷ ಟೈಲರ್ ಅಂಗಡಿ ಇಟ್ಟಿದ್ದವರು. ಇತಿಹಾಸ ಅಂದ್ರೆ ಆಕಳಿಸೋರು, ಮೊದಲನೇ ದಿನ ಬಸ್ಸಲ್ಲೇ ಕೂತ್ಕೋತೀನಿ ಅಂದಿದ್ರು. ಎರಡನೇ ಗುಂಡಿಯ ಕಟ್ಟಡದಲ್ಲಿ ಕೆಲವು ಮೂರ್ತಿಗಳನ್ನ ಗಾಜಿನ ಪೆಟ್ಟಿಗೆಲಿ ಬೇರೆ ಇಟ್ಟಿದಾರೆ, ನಾಲ್ಕೂ ಕಡೆ ಸುತ್ತು ಹಾಕಿ ನೋಡ್ಬೋದು. ಅದರಲ್ಲೊಬ್ಬ ಮಂಡಿಯೂರಿ ಕೂತ ಬಿಲ್ಲುಗಾರ. ಬಲಗಾಲಿನ ಮಂಡಿ ನೆಲಕ್ಕೆ, ಎಡಮಂಡಿ ಮೇಲೆ, ಎರಡೂ ಕೈ ಏನನ್ನೋ ಹಿಡಿದ ಹಾಗೆ. ಮಗ ಕೇಳ್ದ, ಅಮ್ಮ ಇವನ ಬಿಲ್ಲೆಲ್ಲಿ ಅಂತ. ಮರದ್ದು ಕಣೋ, ಕೊಳೆತು ಹೋಗಿದೆ, ಕೈ ಮಾತ್ರ ಉಳೀತು ಅಂದೆ. ಅಷ್ಟೊತ್ತಿಗೆ ಮಾವ ಕಾಣ್ತಿಲ್ಲ. ನೋಡಿದ್ರೆ ಪೆಟ್ಟಿಗೆ ಹಿಂದುಗಡೆ ಕುಕ್ಕರಗಾಲಲ್ಲಿ ಕೂತಿದಾರೆ, ಕನ್ನಡಕ ಹಣೆ ಮೇಲೆ, ಮೂಗು ಗಾಜಿಗೆ ತಾಗಿದೆ. ಏನ್ ಮಾವ ಹುಷಾರಿದೀರಾ ಅಂತ ಓಡಿ ಹೋದೆ. ಅವರು ತಿರುಗೂ ನೋಡ್ಲಿಲ್ಲ. ಬಾರವ್ವ ಇಲ್ಲಿ, ಇವನ ಅಟ್ಟೆ ನೋಡು ಅಂದ್ರು.

ಮಂಡಿಯೂರಿದಾನಲ್ಲ, ಹಾಗಾಗಿ ಬಲಗಾಲಿನ ಕೆರದ ಅಟ್ಟೆ ಹಿಂದಿನಿಂದ ಕಾಣತ್ತೆ. ಅದರ ಮೇಲೆ ಚುಕ್ಕಿ ಚುಕ್ಕಿ ಸಾಲು. ನಾನು ಏನೋ ಡಿಸೈನ್ ಅಂದ್ಕೊಂಡೆ. ಮಾವ ಹೇಳಿದ್ರು, ಡಿಸೈನ್ ಅಲ್ಲ ಕಣವ್ವ, ಹೊಲಿಗೆ, ಬಟ್ಟೆ ಪದರ ಮೇಲೆ ಪದರ ಇಟ್ಟು ಹೊಲಿದಿರೋದು, ನೋಡು ಬೆರಳ ಹತ್ರ ಒತ್ತೊತ್ತಾಗಿದೆ, ಹಿಮ್ಮಡಿ ಹತ್ರ ಒತ್ತೊತ್ತಾಗಿದೆ, ನಡುವೆ ಬಿಡಿ ಬಿಡಿ, ಯಾಕೆ ಹೇಳು? ನಾನು ಪೆಚ್ಚಾಗಿ ನಿಂತೆ, ಇತಿಹಾಸದ ಮೇಡಮ್ಮು! ಸವೆಯೋ ಜಾಗಕ್ಕೆ ಜಾಸ್ತಿ ಹೊಲಿಗೆ ಬೀಳ್ಬೇಕು, ನಡುವೆ ನೆಲ ಮುಟ್ಟಲ್ಲ, ಅಲ್ಲಿ ದಾರ ಯಾಕೆ ದಂಡ ಮಾಡ್ಬೇಕು, ಇದನ್ನ ಮಾಡಿದೋನು ಚಪ್ಪಲಿ ಹೊಲಿಯೋದನ್ನ ಕೂತು ನೋಡಿದಾನೆ ಅಂದ್ರು. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಮಣ್ಣಿನ ಕಾಲು ಸ್ವಾಮಿ. ಆಮೇಲೆ ಬೆನ್ನು ತೋರಿಸಿದ್ರು, ಕವಚದ ಬಿಲ್ಲೆಗಳನ್ನ ಸೇರಿಸಿರೋ ದಾರದ ಮೇಲೆ ಕೆಂಪು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಈ ಸೈನಿಕರಿಗೆಲ್ಲ ಮೊದಲು ಬಣ್ಣ ಇತ್ತು ನೋಡಿ, ಮಣ್ಣಿಂದ ಹೊರಗೆ ತೆಗೆದ ಕೆಲವೇ ನಿಮಿಷದಲ್ಲಿ ಅಡಿಲಿದ್ದ ಅರಗಿನ ಪದರ ಒಣಗಿ ಸುರುಟಿಕೊಂಡು ಉದುರಿಹೋಗ್ತಿತ್ತು. ಹಾಗಾಗಿ ಉಳಿದಿರೋ ಆ ಚೂರು ಕೆಂಪನ್ನ ನೋಡೋಕೆ ಪುಣ್ಯ ಬೇಕು, ಅದಕ್ಕಿಂತ ಜಾಸ್ತಿ ಟೈಮ್ ಬೇಕು.

ಮಾವ ಆ ಪೆಟ್ಟಿಗೆ ಬಿಟ್ಟು ಎದ್ದಿದ್ದು ಮುಕ್ಕಾಲು ಗಂಟೆ ಆದ್ಮೇಲೆ. ನೋಡಿ, ಹಿಂದಿನ ದಿನ ಇಡೀ ಸೈನ್ಯಕ್ಕೆ ಕೊಟ್ಟ ಟೈಮನ್ನ ಇವರು ಒಬ್ಬನ ಕಾಲಿಗೆ ಕೊಟ್ರು. ಕಾವಲಿನ ಹುಡುಗ ಬಂದು ಏನೋ ಕೇಳ್ದ, ಭಾಷೆ ಬರಲ್ಲ, ಮಾವ ಕೈಯಲ್ಲೇ ಸೂಜಿ ದಾರ ಏರಿಸೋ ತರ ಮಾಡಿ ತೋರಿಸಿದ್ರು, ಅವನು ನಕ್ಕು ಒಂದು ಸ್ಟೂಲ್ ತಂದು ಕೊಟ್ಟ. ಆಮೇಲಿಂದ ಮಾವನೇ ನಮಗೆಲ್ಲ ಗೈಡು. ಯಾರ ಕೊರಳಪಟ್ಟಿ ಹೇಗಿದೆ, ಯಾರ ಅಂಗಿ ಹೇಗೆ ಮಡಿಸಿದೆ, ದೊಡ್ಡ ಅಧಿಕಾರಿ ಕವಚಕ್ಕೆ ಗಂಟು ಹಾಕಿರೋ ರಿಬ್ಬನ್ನು, ಎಲ್ಲ. ಅದಕ್ಕೇ ಹೇಳೋದು, ಒಂದು ದಿನಕ್ಕೆ ಒಂದೇ ಜಾಗ.

ಇತಿಹಾಸ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಮ್ಮ ಪ್ರಿನ್ಸಿಪಾಲರು ಕೇಳ್ತಿರ್ತಾರೆ. ಚೀನಾನ ಮೊದಲು ಒಂದು ಮಾಡಿದ ಸಾಮ್ರಾಟ ಚಿನ್ ಷಿ ಹ್ವಾಂಗ್, ಕ್ರಿಸ್ತಪೂರ್ವ 221ರಲ್ಲಿ. ತೀರಿಕೊಂಡಿದ್ದು 210ರಲ್ಲಿ. ಅವನ ಸಮಾಧಿ ಕಾಯೋಕೆ ಈ ಸೈನ್ಯ, ಮೂರು ಗುಂಡಿ ಸೇರಿ ಎಂಟು ಸಾವಿರ ಜನ ಇದಾರೆ ಅಂತ ಅಂದಾಜು, ಬಹುಪಾಲು ಇನ್ನೂ ಮಣ್ಣಲ್ಲೇ. 1974ರ ಮಾರ್ಚಲ್ಲಿ ರೈತರು ಬಾವಿ ತೋಡ್ತಿದ್ದಾಗ ಸಿಕ್ಕಿದ್ದು. ಸಮಾಧಿ ಗುಡ್ಡ ಅಲ್ಲೇ ಹತ್ರ ಇದೆ, ಇವತ್ತಿಗೂ ತೆಗೆದಿಲ್ಲ.

ಇನ್ನು ಗೋಪುರ. ದೊಡ್ಡ ಕಾಡುಬಾತಿನ ಗೋಪುರ ಅಂತಾರೆ, ಏಳು ಅಂತಸ್ತು, 64 ಮೀಟರ್. ಎಲ್ಲಾ ಬಿಟ್ಟು ಕನ್ನಡದವರು ನೋಡ್ಲೇಬೇಕಾದ್ದು ಇದು. ಯಾಕೆ ಅಂದ್ರೆ ಸ್ಕೂಲಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಬಾಯಿಪಾಠ ಮಾಡಿದ್ರಲ್ಲ, ಅವನು ಭಾರತದಿಂದ ತಗೊಂಡು ಹೋದ 657 ಗ್ರಂಥಗಳನ್ನ ಇಡೋಕೆ 652ರಲ್ಲಿ ಕಟ್ಟಿದ್ದು ಇದು. ಎದುರಿಗೆ ಅವನ ವಿಗ್ರಹ, ಕೈಯಲ್ಲಿ ಕೋಲು. ಹರ್ಷನಿಗೂ ಬಗ್ಗದ ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದಿಟ್ಟ ಪುಣ್ಯಾತ್ಮ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸ್ತಿದ್ರು ಅಂತ ಬರೆದವನೂ ಇವನೇ. ಆನೆ ವಿಷಯ ಕೇಳಿದ್ಮೇಲೆ ಮಗ ಆ ವಿಗ್ರಹದ ಮುಂದಿಂದ ಕದಲ್ಲಿಲ್ಲ. ಅವನು 629ರಲ್ಲಿ ಹೊರಟು 645ರಲ್ಲಿ ವಾಪಸ್ ಬಂದೋನು, ಹದಿನಾರು ವರ್ಷ! ನಮ್ಮ ಜನ ಅವನ ಮುಂದೆ ಇಪ್ಪತ್ತು ನಿಮಿಷ ನಿಂತು ಸೆಲ್ಫಿ ತಗೊಂಡು ಮುಂದೆ ಯಾವ ಪಾಯಿಂಟ್ ಅಂತ ಕೇಳ್ತಾರೆ. ಕೋಪ ಬರತ್ತೆ ನನಗೆ, ಕ್ಷಮಿಸಿ.

ಗಾಜಿನ ಆಚೆಯಿಂದ ಟೈಮ್ ತೋರಿಸ್ತಿದಾರೆ, ಬೇಗ ಬೇಗ ಹೇಳ್ತೀನಿ. ಕೋಟೆಗೋಡೆ ಮಿಂಗ್ ಕಾಲದ್ದು, ಸುತ್ತಳತೆ 13.7 ಕಿಲೋಮೀಟರ್, ಮೇಲೆ ರಸ್ತೆಯಷ್ಟು ಅಗಲ, ಬಾಡಿಗೆಗೆ ಸೈಕಲ್ ಸಿಗತ್ತೆ, ಇಬ್ಬರು ತುಳಿಯೋದೂ ಇದೆ. ಇಟ್ಟಿಗೆ ಹಾಸು, ಕುಲುಕಾಟ ಜಾಸ್ತಿ, ಸೊಂಟನೋವಿರೋರು ದಕ್ಷಿಣ ಬಾಗಿಲ ಹತ್ರ ಕೂತು ಗಾಳಿ ತಗೊಳ್ಳಿ. ಗಂಟೆಗೋಪುರ, ನಗಾರಿಗೋಪುರ ಎರಡೂ ಊರ ನಡುವೆ. ನಗಾರಿಗೋಪುರದ ಹಿಂದೆ ಮುಸ್ಲಿಮರ ಬೀದಿ, ಒಳಗೆ ದೊಡ್ಡ ಮಸೀದಿ, ಗುಮ್ಮಟ ಇಲ್ಲ, ಪೂರ್ತಿ ಚೀನೀ ಹೆಂಚಿನ ಸೂರು. ಅಲ್ಲಿ ಪಾವ್‌ಮೋ ಅಂತ ಕೊಡ್ತಾರೆ, ಗಟ್ಟಿ ರೊಟ್ಟಿನ ನಾವೇ ಚೂರು ಚೂರು ಮಾಡಿ ಬಟ್ಟಲು ತುಂಬಿಸಿ ಕೊಟ್ರೆ ಅದಕ್ಕೆ ಕುರಿ ಸಾರು ಹಾಕಿ ತರ್ತಾರೆ. ನಮ್ಮನೆಯವರು ದಪ್ಪ ದಪ್ಪ ಚೂರು ಮಾಡಿದ್ರು ಅಂತ ಅಡುಗೆಯವನು ಬಟ್ಟಲನ್ನ ವಾಪಸ್ ಕಳಿಸಿದ, ಇನ್ನೂ ಸಣ್ಣಕ್ಕೆ ಮುರಿ ಅಂತ. ಅವರು ಹೊರಗಡೆ ತಿಂತಾರೆ ಅಂತ ಅತ್ತೆಗೆ ಗೊತ್ತಿಲ್ಲ, ಅಯ್ಯೋ ಈಗ ಗೊತ್ತಾಯ್ತು.

ಪ್ರಾಂತ್ಯದ ಮ್ಯೂಸಿಯಂ ಚೆನ್ನಾಗಿದೆ, ಮುಂಚೆನೇ ಬುಕ್ ಮಾಡ್ಬೇಕು, ಸೋಮವಾರ ರಜ. ಎಲ್ಲಾ ಕಡೆ ಟಿಕೆಟ್ಟಿಗೆ ಪಾಸ್‌ಪೋರ್ಟ್ ಬೇಕು, ಮಕ್ಕಳದ್ದೂ ಇಟ್ಕೊಳಿ. ನಮ್ಮ ವಾಟ್ಸಾಪು ಗೂಗಲ್ಲು ಅಲ್ಲಿನ ನೆಟ್‌ನಲ್ಲಿ ನಡೆಯಲ್ಲ, ಇಲ್ಲಿಂದಲೇ ರೋಮಿಂಗ್ ಹಾಕಿಸ್ಕೊಂಡು ಹೋಗಿ. ದುಡ್ಡು ಕೊಡೋದು ಫೋನಲ್ಲೇ, ಅಲಿಪೇ ಹಾಕ್ಕೊಂಡು ಕಾರ್ಡ್ ಜೋಡಿಸಿ. ದಸರಾ ರಜೆಲಿ ಹೋಗೋರು ಅಕ್ಟೋಬರ್ 1ರಿಂದ 7 ಮಾತ್ರ ಬಿಡಿ, ಅವರದ್ದು ರಾಷ್ಟ್ರೀಯ ರಜ, ಇಡೀ ಚೀನಾ ರಸ್ತೆ ಮೇಲಿರತ್ತೆ. ಏಪ್ರಿಲ್ ಒಳ್ಳೇದು. ಬೀಜಿಂಗಿಂದ ರೈಲಲ್ಲಿ ಐದು ಗಂಟೆ ಚಿಲ್ಲರೆ, ಬೋಗಿಲಿ ಕುದಿಯೋ ನೀರಿನ ನಲ್ಲಿ ಇರತ್ತೆ, ಅತ್ತೆ ಅದರಲ್ಲೇ ಇನ್‌ಸ್ಟಂಟ್ ಅವಲಕ್ಕಿ ನೆನೆಸಿ ಎಲ್ಲರಿಗೂ ಕೊಟ್ರು. ಟಿಶ್ಯೂ ಪೇಪರ್ ಜೇಬಲ್ಲೇ ಇರ್ಲಿ, ಟಾಯ್ಲೆಟ್ಟಲ್ಲಿ ಸಿಗತ್ತೆ ಅಂತ ನಂಬ್ಕೊಂಡು ಕೂರ್ಬೇಡಿ.

ಊಟದ ಪ್ರಶ್ನೆ ನಂಗೊತ್ತು, ಎಲ್ಲರೂ ಮೊದಲು ಅದನ್ನೇ ಕೇಳೋದು, ನಾನು ಬೇಕಂತಲೇ ಕೊನೆಗೆ ಇಟ್ಟೆ. ಲ್ಯಾಂಗ್‌ಪಿ ಅಂತ ತಣ್ಣನೆ ಶಾವಿಗೆ ತರದ್ದು ಸಿಗತ್ತೆ, ಖಾರದೆಣ್ಣೆ ವಿನೆಗರ್ ಹಾಕಿ ಕೊಡ್ತಾರೆ, ಮಗಳು ಮೂರು ಹೊತ್ತೂ ಅದೇ. ಟೊಮೆಟೊ ಮೊಟ್ಟೆ ಎಲ್ಲಾ ಕಡೆ ಇದೆ, ಮೊಟ್ಟೆ ತಿನ್ನೋರಿಗೆ. ಒಂದು ಮಾತು ಬರ್ಕೊಳಿ, ಪೆನ್ನು ತಗೊಳಿ: ವೋ ಚಿ ಸು. ನಾನು ಸಸ್ಯಾಹಾರಿ ಅಂತ. ವೋ ಚಿ ಸು. ಚೀಟಿಲಿ ಚೀನೀ ಅಕ್ಷರದಲ್ಲೂ ಬರೆಸ್ಕೊಂಡು ತೋರಿಸಿ, ಸಾರಿಗೆ ಮಾಂಸದ ನೀರು ಹಾಕಿದೀರಾ ಅಂತ ಬೇರೆ ಕೇಳಿ, ಯಾಕಂದ್ರೆ ಮಾಂಸದ ಚೂರು ಕಾಣ್ದಿದ್ರೆ ಸಸ್ಯಾಹಾರ ಅಂತಲೇ ಅಲ್ಲಿ ಕೆಲವರ ಲೆಕ್ಕ.

ಟೈಮ್ ಆಯ್ತಂತೆ. ಮ್ಯೂಸಿಯಂ ವಿಷಯ ಪೂರ್ತಿ ಹೇಳೋಕಾಗ್ಲಿಲ್ಲ, ತಪ್ಪು ನಂದಲ್ಲ, ಮಾವಂದು. ಅವರೀಗ ಮನೇಲಿ ರೇಡಿಯೋ ಮುಂದೆ ಹಳೇ ಚಪ್ಪಲಿ ಕೈಲಿ ಹಿಡ್ಕೊಂಡು ಕೂತಿರ್ತಾರೆ, ಅಟ್ಟೆ ಎಲ್ಲಿ ಸವೆದಿದೆ ನೋಡೋಕೆ. ನಮಸ್ಕಾರ.