ಮೊಳದುದ್ದದ ಹಡಗು, ಮೊಳೆಯಿಲ್ಲದ ಹಡಗು

ಕೇಳುಗರಿಗೆ ನಮಸ್ಕಾರ.

ನನ್ನ ಮನೆಯ ಮೇಜಿನ ಮೇಲೆ ಒಂದು ಹಡಗಿದೆ. ಬಾನುಲಿಯಲ್ಲಿ ಅದು ನಿಮಗೆ ಕಾಣುವುದಿಲ್ಲ, ಹಾಗಾಗಿ ಮಾತಲ್ಲೇ ತೋರಿಸುತ್ತೇನೆ. ಉದ್ದ 39 ಸೆಂಟಿಮೀಟರ್, ಅಂದ್ರೆ ಒಂದು ಮೊಳಕ್ಕೆ ಮೂರು ಬೆರಳು ಕಮ್ಮಿ. ಅಗಲ 13 ಸೆಂಟಿಮೀಟರ್. ದುಂಡು ಹೊಟ್ಟೆ, ಮೇಲಕ್ಕೆದ್ದ ಮೂತಿ. ಮೈಮೇಲೆ ಬೆರಳಾಡಿಸಿದರೆ ಉದ್ದಕ್ಕೂ ಹೊಲಿಗೆ ಸಿಗುತ್ತದೆ, ಕೌದಿಯ ಮೇಲೆ ಕೈಯಾಡಿಸಿದ ಹಾಗೆ. ಇದರಲ್ಲಿ ಒಂದೇ ಒಂದು ಮೊಳೆ ಇಲ್ಲ. ಹಲಗೆಗೆ ಹಲಗೆಯನ್ನು ದಾರದಿಂದ ಹೊಲಿದು ಮಾಡಿದ್ದೇನೆ.

ಇದರ ಅಸಲಿ ಹಡಗು ನಿಜಕ್ಕೂ ಇದೆ. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಐಎನ್‌ಎಸ್‌ವಿ ಅಂದ್ರೆ ಭಾರತೀಯ ನೌಕಾಪಡೆಯ ಹಾಯಿಹಡಗು. 5ನೇ ಶತಮಾನದ ಹಡಗಿನ ಹಾಗೆಯೇ ಇರಲಿ ಅಂತ ಗೋವಾದಲ್ಲಿ ಕಟ್ಟಿದ್ದು. ಹಡಗಿನ ಬುಡದ ಉದ್ದನೆಯ ಅಡಿಮರ ಇಟ್ಟದ್ದು 2023ರ ಸೆಪ್ಟೆಂಬರ್‌ನಲ್ಲಿ. ಕಟ್ಟಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಯ ಬಡಗಿಗಳು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆಗೆ ಸೇರಿತು. ಕೌಂಡಿನ್ಯ ಅನ್ನುವುದು ಬಹಳ ಹಿಂದೆ ಕಡಲು ದಾಟಿ ಈಗಿನ ಕಾಂಬೋಡಿಯಾ ಕಡೆ ಹೋದ ಅಂತ ಕಥೆಯಿರುವ ನಾವಿಕನ ಹೆಸರು.

ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ ಬೆಳಿಗ್ಗೆ ಕಾಫಿ ಆರಿಹೋಗಿತ್ತು. ಹಾಯಿಯ ಮೇಲೆ ಗಂಡಭೇರುಂಡ! ನಮ್ಮ ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ದಿನಾ ನೋಡುವ ಅದೇ ಎರಡು ತಲೆಯ ಹಕ್ಕಿ, ಕಡಲ ಗಾಳಿಗೆ ರೆಕ್ಕೆ ಬಿಚ್ಚಿ ನಿಂತಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇದನ್ನು ನನ್ನ ಕೈಯಿಂದ ಮಾಡಬೇಕು ಅಂತ.

ಈ ಹಡಗಿಗೆ ಹಳೆಯ ನಕ್ಷೆ ಅಂತ ಒಂದೂ ಇಲ್ಲ. 5ನೇ ಶತಮಾನದ ಹಡಗು ಹೇಗಿತ್ತು ಅಂತ ಬರೆದಿಟ್ಟವರಿಲ್ಲ. ಇರುವುದು ಅಜಂತಾ ಗುಹೆಯ ಗೋಡೆಯ ಮೇಲಿನ ಒಂದು ಬಣ್ಣದ ಚಿತ್ರ. ಗೋಡೆಯ ಚಿತ್ರದಿಂದ ಕಡಲಲ್ಲಿ ಓಡುವ ಹಡಗು ಮಾಡಬೇಕು ಅಂದ್ರೆ ಸುಮ್ನೆ ಆಗುತ್ತಾ? ಮದರಾಸಿನ ಐಐಟಿಯಲ್ಲಿ ಇದರದ್ದೇ ಒಂದು ಪುಟ್ಟ ಮಾದರಿ ಮಾಡಿ, ನೀರಿನ ತೊಟ್ಟಿಯಲ್ಲಿ ಬಿಟ್ಟು ಪರೀಕ್ಷೆ ಮಾಡಿದರು. ಅಂದ್ರೆ ದೊಡ್ಡ ಹಡಗು ಕಡಲಿಗಿಳಿಯುವ ಮೊದಲು ಸಣ್ಣ ಹಡಗು ನೀರಿಗಿಳಿದಿತ್ತು. ಮಾದರಿ ಮಾಡುವ ನಮ್ಮಂಥವರಿಗೆ ಇದು ಎಷ್ಟು ಖುಷಿಯ ವಿಷಯ ನೋಡಿ.

ಅಸಲಿ ಹಡಗಿನ ಉದ್ದ 19.6 ಮೀಟರ್, ಅಗಲ 6.5 ಮೀಟರ್. ಐವತ್ತರಲ್ಲಿ ಒಂದು ಪಾಲು ಅಂತ ಅಳತೆ ಹಿಡಿದೆ. ಹಾಗೆ ಬಂದದ್ದು ಈ 39 ಮತ್ತು 13.

ಬಿಡಿಭಾಗಗಳನ್ನು ಡಬ್ಬಿಯಲ್ಲಿ ಹಾಕಿ ಮಾರುವ ಹಡಗುಗಳು ಅಂಗಡಿಯಲ್ಲಿ ಸಿಗುತ್ತವೆ. ಹಿಂದೆ ನಾನೂ ಎರಡು ಮೂರು ಜೋಡಿಸಿದ್ದೇನೆ. ಅದರಲ್ಲಿ ಪ್ಲೈವುಡ್ಡಿನ ಬೆನ್ನೆಲುಬು, ಪಕ್ಕೆಲುಬು ಕತ್ತರಿಸಿಯೇ ಬಂದಿರುತ್ತವೆ. ಮೊದಲು ಅಸ್ಥಿಪಂಜರ ನಿಲ್ಲಿಸಬೇಕು, ಆಮೇಲೆ ಮೇಲೆ ಹಲಗೆ ಅಂಟಿಸಬೇಕು. ಕೈಗೆ ಆ ಅಭ್ಯಾಸ ಕೂತಿತ್ತು. ಇದಕ್ಕೂ ಹಾಗೇ ಪಕ್ಕೆಲುಬು ಕೊಯ್ದು, ಸಾಲಾಗಿ ನಿಲ್ಲಿಸಿ, ಮೊದಲ ಹಲಗೆ ಹಿಡಿದು ಹೊಲಿಯಲು ಹೊರಟೆ. ಸೂಜಿ ಹೊರಗಿನಿಂದ ಒಳಗೆ ಹೋಯಿತು. ಒಳಗಿನಿಂದ ಹೊರಗೆ ಬರಲಿಲ್ಲ. ಎಲ್ಲೆಲ್ಲಿ ರಂಧ್ರವೋ ಅಲ್ಲಲ್ಲಿ ಪಕ್ಕೆಲುಬು ಅಡ್ಡ. ಬೆರಳು ತೂರಿಸಲು ಜಾಗವೇ ಇಲ್ಲ. ಒಂದು ತಿಂಗಳ ಕೆಲಸ ಬಿಚ್ಚಿ ಪಕ್ಕಕ್ಕಿಟ್ಟೆ.

ಆಗ ಅರ್ಥವಾಯಿತು, ಹೊಲಿದ ಹಡಗು ಹುಟ್ಟುವ ಕ್ರಮವೇ ತಿರುವುಮುರುವು. ಮೊದಲು ಚಿಪ್ಪು, ಆಮೇಲೆ ಪಕ್ಕೆಲುಬು. ಅಡಿಮರಕ್ಕೆ ಮೊದಲ ಹಲಗೆ ಹೊಲಿಯಬೇಕು, ಅದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಚಿಪ್ಪು ತನ್ನ ಆಕಾರಕ್ಕೆ ಬಂದ ಮೇಲೆ ಒಳಗೆ ಪಕ್ಕೆಲುಬು ಕೂರಿಸಿ, ಅದನ್ನೂ ಹಗ್ಗದಿಂದಲೇ ಕಟ್ಟಬೇಕು. ಅರಬ್ಬಿ ಸಮುದ್ರದ ಸುತ್ತ ಶತಮಾನಗಟ್ಟಲೆ ಹೀಗೇ ಕಟ್ಟಿದರು. ಕೇರಳದ ಕೆಟ್ಟುವಳ್ಳಂ ನೋಡಿರುತ್ತೀರಿ, ಆಲಪ್ಪುಳದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ದೊಡ್ಡ ದೋಣಿ. ಆ ಹೆಸರಿನಲ್ಲೇ ಕಟ್ಟು ಅನ್ನುವ ಮಾತಿದೆ.

ಹಲಗೆಗೆ ನಾನು ತೆಗೆದುಕೊಂಡದ್ದು ತೇಗದ ತೆಳ್ಳನೆಯ ಪಟ್ಟಿ, ದಪ್ಪ ಒಂದು ಮಿಲಿಮೀಟರ್. ಅದು ಹಡಗಿನ ಮೂತಿಯ ಹತ್ತಿರ ಬಾಗಬೇಕು, ಜೊತೆಗೆ ಸ್ವಲ್ಪ ತಿರುಚಿಕೊಳ್ಳಲೂಬೇಕು. ಒಣಗಿದ್ದಾಗ ಬಾಗಿಸಿದರೆ ಚಟ್ ಅಂತ ಮುರಿಯುತ್ತದೆ. ಅಸಲಿ ಹಡಗಿನವರು ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದರು. ನಮ್ಮನೆಯಲ್ಲಿ ಇಡ್ಲಿ ಪಾತ್ರೆ ಇತ್ತು. ಇಪ್ಪತ್ತು ನಿಮಿಷ ಹಬೆಯಲ್ಲಿಟ್ಟು ತೆಗೆದರೆ ತೇಗ ಮೆತ್ತಗಾಗಿ, ಹೇಳಿದ ಕಡೆ ಬಗ್ಗುತ್ತದೆ. ಆಮೇಲೆ ಬಟ್ಟೆಯ ಕ್ಲಿಪ್ಪು ಹಾಕಿ ರಾತ್ರಿಯಿಡೀ ಬಿಡುವುದು. ಹಬೆಯಾಡುವ ತೇಗದ ವಾಸನೆ ಅಡುಗೆಮನೆ ತುಂಬ ಹರಡುತ್ತಿತ್ತು. ಮಳೆಗಾಲದ ಹಳೇ ಮನೆಯ ಬಾಗಿಲಿನ ವಾಸನೆ ಅದು.

ದಾರದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಸಲಿ ಹಡಗಿಗೆ ತೆಂಗಿನ ನಾರಿನ ಹುರಿ. ಉಪ್ಪುನೀರಿನಲ್ಲಿ ಬೇಗ ಕೊಳೆಯದ ಗುಣ ಅದಕ್ಕಿದೆ. ನನಗೂ ನಾರಿನಲ್ಲೇ ಹೊಲಿಯುವ ಆಸೆ. ತೆಂಗಿನಕಾಯಿ ಸುಲಿದು ಒಂದೊಂದೇ ಎಳೆ ಬಿಡಿಸಿ, ನೆನೆಸಿ ನೋಡಿದೆ. ಎಳೆಯ ದಪ್ಪ ಈ ಅಳತೆಗೆ ಸರಿಯಾಗಿಯೇ ಇತ್ತು. ಆದರೆ ಹಲಗೆಯ ಅಂಚಿನಲ್ಲಿ ಮಡಚಿ ಬಿಗಿದ ಕೂಡಲೇ ಮುರಿಯಿತು. ಒಂದು ನಾರು ಒಂಟಿಯಾಗಿ ನಿಲ್ಲುವುದಿಲ್ಲ, ಹತ್ತಾರು ಸೇರಿ ಹುರಿಯಾದರೆ ಮಾತ್ರ ಬಲ. ಕೊನೆಗೆ ಹತ್ತಿಯ ದಾರವನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಕಂದು ಮಾಡಿ, ಜೇನುಮೇಣ ಸವರಿ ಬಳಸಿದೆ. ನಾರನ್ನು ಬಿಡಲಿಲ್ಲ. ಎರಡು ಹಲಗೆ ಸೇರುವ ಸಂದಿಯ ಮೇಲೆ ನಾರಿನ ಸಣ್ಣ ಕಂತೆ ಇಟ್ಟು, ಅದರ ಮೇಲೆ ದಾರ ಸುತ್ತಿ ಬಿಗಿದೆ. ದೊಡ್ಡ ಹಡಗಿನಲ್ಲೂ ನಾರಿಗೆ ಅದೇ ಕೆಲಸ. ಸಂದಿ ಮುಚ್ಚಿ ನೀರು ತಡೆಯುವುದು.

ರಂಧ್ರ ಕೊರೆಯಲು ಕೈಬೈರಿಗೆ. ಮೊನೆಗೆ ಮುರಿದ ಸೂಜಿಯನ್ನು ಸಾಣೆಕಲ್ಲಿಗೆ ಹಿಡಿದು ಚಪ್ಪಟೆ ಮಾಡಿಕೊಂಡೆ. ಐದು ಮಿಲಿಮೀಟರಿಗೆ ಒಂದು ಹೊಲಿಗೆ, ಹೊಲಿಗೆಗೆ ಎರಡು ರಂಧ್ರ. ಬದಿಗೆ 14 ಹಲಗೆ. ಎಲ್ಲ ಸೇರಿ ರಂಧ್ರಗಳ ಲೆಕ್ಕ ಮೂರೂವರೆ ಸಾವಿರ ದಾಟಿತು. ಅಸಲಿಯ ಹೊಲಿಗೆಯನ್ನು ಐವತ್ತರಲ್ಲಿ ಒಂದಕ್ಕೆ ಇಳಿಸಿದರೆ ಇದಕ್ಕಿಂತ ಎಷ್ಟೋ ಒತ್ತಾಗಿ ಬರಬೇಕು. ಅಷ್ಟಕ್ಕೆ ಮರ ತಡೆಯುವುದಿಲ್ಲ, ಸೀಳುತ್ತದೆ. ಈ ಒಂದು ಕಡೆ ಅಳತೆ ಬಿಟ್ಟುಕೊಟ್ಟೆ.

ಇಂಥ ಹಡಗು ಹೊಲಿಯುವಾಗ ಒಬ್ಬ ಹೊರಗೆ, ಒಬ್ಬ ಒಳಗೆ ಕೂರುತ್ತಾರೆ. ಹೊರಗಿನವನು ಹಗ್ಗ ತೂರಿಸುತ್ತಾನೆ, ಒಳಗಿನವನು ಎಳೆದು ಬಿಗಿದು ವಾಪಸ್ ಕೊಡುತ್ತಾನೆ. ನನ್ನ ಹಡಗು ಆರನೇ ಹಲಗೆಗೆ ಬರುವ ಹೊತ್ತಿಗೆ ಬುಡ ಕಿರಿದಾಗಿ, ನನ್ನ ಬೆರಳು ಒಳಗೆ ಇಳಿಯದಾಯಿತು. ಆಗ ಒಂಬತ್ತು ವರ್ಷದ ಮೊಮ್ಮಗಳು ಎದುರು ಕೂತಳು. ನಾನು ಹೊರಗಿನವನು, ಅವಳು ಒಳಗಿನವಳು. ಸೂಜಿಯ ಮೂತಿ ಒಳಗೆ ಕಂಡ ಕೂಡಲೇ "ಬಂತು" ಅನ್ನುತ್ತಿದ್ದಳು. ಎಳೆದು ಬಿಗಿದು "ತಗೋ" ಅನ್ನುತ್ತಿದ್ದಳು. ಬಂತು, ತಗೋ. ಬಂತು, ತಗೋ. ಬೇಸಿಗೆ ರಜೆಯ ಮಧ್ಯಾಹ್ನಗಳೆಲ್ಲ ನಮ್ಮನೆಯಲ್ಲಿ ಇದೇ ಮಾತು. ಅವಳ ಹೊಲಿಗೆ ಎಲ್ಲಿ ಶುರುವಾಯಿತು ಅಂತ ಈಗಲೂ ಬೆರಳಿಗೆ ಗೊತ್ತಾಗುತ್ತದೆ. ಆರನೇ ಹಲಗೆಯಿಂದ ಮೇಲೆ ಬಿಗಿತ ಒಂದೇ ಸಮ ಇದೆ.

ಹೀಗೆ ಹೊಲಿದ ಚಿಪ್ಪನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂಡಿದರೆ ಸ್ವಲ್ಪ ಬಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಮೊಳೆ ಹೊಡೆದ ಹಡಗು ಹೀಗೆ ಬಗ್ಗುವುದಿಲ್ಲ. ಅಲೆ ಬಂದು ಬಡಿದಾಗ, ಮರಳ ದಂಡೆಗೆ ಎಳೆದು ಹಾಕುವಾಗ, ಹೊಲಿದ ಮೈ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಓದಿ ತಿಳಿದದ್ದು ಬೇರೆ, ಅಂಗೈಯಲ್ಲಿ ಅದು ಉಸಿರಾಡಿದ ಹಾಗೆ ಆದದ್ದೇ ಬೇರೆ. 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಹೊರ್ಮುಜ್ ಬಂದರಿನಲ್ಲಿ ಹೊಲಿದ ಹಡಗು ಕಂಡು, ಇವು ಬಹಳ ಕೆಟ್ಟ ಹಡಗು ಅಂತ ದೂರಿದ. ನಾನು ಒಪ್ಪುವುದಿಲ್ಲ. ಅವನಿಗಿಂತ ನಾನೂರು ವರ್ಷ ಮೊದಲೇ ಹೊಲಿದ ಹಡಗೊಂದು ಚೀನಾದ ಪಿಂಗಾಣಿ ತುಂಬಿಕೊಂಡು ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದವರೆಗೆ ಬಂದು ಮುಳುಗಿತ್ತು. 1998ರಲ್ಲಿ ಅದು ಸಿಕ್ಕಾಗ ಒಳಗಿದ್ದ ಪಿಂಗಾಣಿ ಸುಮಾರು 60,000. ಅಷ್ಟು ಸರಕನ್ನು ಯಾರಾದರೂ ಕೆಟ್ಟ ಹಡಗಿಗೆ ತುಂಬುತ್ತಾರಾ?

ಉಳಿದ ಭಾಗಗಳದ್ದೂ ಒಂದೊಂದು ಕಥೆ. ಕೌಂಡಿನ್ಯದ ಮೇಲೆ ಹರಪ್ಪ ಶೈಲಿಯ ಕಲ್ಲಿನ ಲಂಗರು ಇದೆ. ನನ್ನದನ್ನು ಬಳಪದಿಂದ ಮಾಡಿದೆ, ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಕಲ್ಲಿನ ಬಳಪ. ಬೇಲೂರಿನ ಶಿಲ್ಪಗಳೂ ಬಳಪದ ಕಲ್ಲಿನವೇ, ಅಲ್ವಾ? ಮೂತಿಗೆ ಸಿಂಹದ ಯಾಳಿ ಬೇಕಿತ್ತು, ದೇವಸ್ಥಾನದ ಕಂಬಗಳಲ್ಲಿ ಕಾಣುವ ಕಲ್ಪನೆಯ ಪ್ರಾಣಿ. ಅದನ್ನು ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರದಲ್ಲಿ ಕೆತ್ತಿದೆ. ಬಿಳಿ, ನುಣುಪು, ಉಳಿಗೆ ಬೆಣ್ಣೆಯ ಹಾಗೆ ಒಲಿಯುತ್ತದೆ. ಯಾಳಿಯ ಎತ್ತರ ನನ್ನ ಕಿರುಬೆರಳಿನ ಉಗುರಿನಷ್ಟು. ಹಲ್ಲು ಕೆತ್ತುವಾಗ ಉಸಿರು ಹಿಡಿದು ಕೂರಬೇಕು. ಎರಡು ಯಾಳಿ ಮುರಿದವು, ಮೂರನೆಯದು ನಿಂತಿತು. ಈಗಿನ ಹಡಗಿನ ಚುಕ್ಕಾಣಿ ಇದಕ್ಕಿಲ್ಲ. ಹಿಂಬದಿಯಲ್ಲಿ ದೊಡ್ಡ ಹುಟ್ಟುಗಳಿಂದ ದಿಕ್ಕು ತಿರುಗಿಸುತ್ತಾರೆ. ಅವನ್ನು ಬಿದಿರಿನಿಂದ ಮಾಡಿದೆ.

ಕೊನೆಗೆ ರಾಳವನ್ನು ಅಗಸೆ ಎಣ್ಣೆಯಲ್ಲಿ ಕರಗಿಸಿ, ಹೊಲಿಗೆಯ ಮೇಲೆ ಬಿಸಿಬಿಸಿ ಸವರಿದೆ. ಆರಿದ ಮೇಲೆ ನೀರಿನ ತೊಟ್ಟಿಗೆ ಇಳಿಸಿದೆವು. ಬೆಂಡಿನ ಹಾಗೆ ಮೇಲೆಯೇ ತೇಲಿತು, ಒಂದು ಕಡೆ ವಾಲಿತು. ಉದ್ದ ಐವತ್ತು ಪಟ್ಟು ಕಮ್ಮಿಯಾದರೆ ತೂಕ ಒಂದೂಕಾಲು ಲಕ್ಷ ಪಟ್ಟು ಕಮ್ಮಿಯಾಗಬೇಕು. ನನ್ನದು ಅದಕ್ಕಿಂತಲೂ ಹಗುರ. ಹಳೇ ಪಂಚೆಯ ಚೂರಿನಲ್ಲಿ ಮರಳಿನ ಪುಟ್ಟ ಗಂಟು ಕಟ್ಟಿ ಬುಡದಲ್ಲಿಟ್ಟೆವು. ನೆಟ್ಟಗೆ ಕೂತಿತು. ಆದರೆ ಹೊಲಿಗೆಯ ಸಾಲಿನಲ್ಲಿ ನೀರು ಜಿನುಗುತ್ತಿತ್ತು. ಮೊಮ್ಮಗಳ ಮುಖ ಬಾಡಿತು. ರಾತ್ರಿ ಹಾಗೇ ಬಿಡೋಣ ಅಂದೆ. ಬೆಳಿಗ್ಗೆ ಒಳಗಿನ ನೀರು ಹೀರಿ ತೆಗೆದು ಕಾದು ನೋಡಿದೆವು. ಮರ ನೀರು ಕುಡಿದು ಉಬ್ಬಿತ್ತು, ಹಲಗೆಗೆ ಹಲಗೆ ಒತ್ತಿಕೊಂಡಿತ್ತು. ಮಧ್ಯಾಹ್ನದವರೆಗೂ ಒಂದು ಹನಿ ಬರಲಿಲ್ಲ.

ದೊಡ್ಡ ಕೌಂಡಿನ್ಯ 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಸಂಕ್ರಾಂತಿಯ ಹೊತ್ತಿಗೆ ಮಸ್ಕತ್ ಮುಟ್ಟಿತು. ಎಂಜಿನ್ ಇಲ್ಲ, ಬರೀ ಹಾಯಿ. ಆ ದಿನಗಳಲ್ಲಿ ನಮ್ಮನೆಯಲ್ಲಿ ಸುದ್ದಿ ಕೇಳದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ನನ್ನ ಹಡಗಿಗೆ ಹಾಯಿ ಇನ್ನೂ ಏರಿಲ್ಲ. ಪಂಚೆಯ ಬಟ್ಟೆ ಕತ್ತರಿಸಿ, ಅಂಚು ಮಡಚಿ ಕೊಟ್ಟಿದ್ದೇನೆ. ಗಂಡಭೇರುಂಡ ಬರೆಯುವ ಕೆಲಸ ಮೊಮ್ಮಗಳದ್ದು. ಒಂದು ತಲೆ, ಒಂದು ರೆಕ್ಕೆ ಆಗಿದೆ. ಇನ್ನೊಂದು ತಲೆಯನ್ನು ಶಾಲೆಯಿಂದ ಬಂದ ಮೇಲೆ ಬರೆಯುತ್ತಾಳಂತೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಅಂತ ಹೇಳಿ ಹೋಗಿದ್ದಾಳೆ.

ನಮಸ್ಕಾರ.